ಹೆಸರಿನ ಜಾಗದಲ್ಲಿ ‘ನೇಟಿವ್’

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಪತ್ರಿಕೆಗಳನ್ನು ಓದುವ ಹುಚ್ಚು ನನಗೆ ಹಿಡಿದು ಬಹಳ ಕಾಲವಾಯಿತು. ಮುಂಬಯಿ, ಮದರಾಸು, ಕಲ್ಕತ್ತದಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಗಳವು. ಎಷ್ಟೋ ಸಂಚಿಕೆಗಳು ಈಗ ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಯುದ್ಧ, ಬಜೆಟ್ಟು, ವೈಸರಾಯ್ ಭಾಷಣ ಇವೆಲ್ಲ ದೊಡ್ಡ ಅಕ್ಷರದಲ್ಲಿ ಇರುತ್ತವೆ. ನನ್ನ ಕಣ್ಣು ಹೋಗುವುದು ಸಣ್ಣ ಅಕ್ಷರದ ಕಾಲಂಗಳ ಕಡೆಗೆ. ಯಾವ ಹಡಗು ಬಂತು, ಯಾರು ಇಳಿದರು, ಯಾರ ಮನೆ ಸಾಮಾನು ಹರಾಜಿಗಿದೆ, ಹತ್ತಿ ಯಾವ ರೇಟಿಗೆ ಹೋಯಿತು, ಇಂಥವು. ಊರು ಹೇಗಿತ್ತು ಅನ್ನೋದು ಅಲ್ಲೇ ಜಾಸ್ತಿ ಗೊತ್ತಾಗುತ್ತದೆ.

ಹಡಗಿನ ಪ್ರಯಾಣಿಕರ ಪಟ್ಟಿಯನ್ನೇ ತಗೊಳ್ಳಿ. ಮೊದಲು ಕರ್ನಲ್ ಇಂಥವರು, ಅವರ ಹೆಂಡತಿ, ಮಕ್ಕಳು. ಆಮೇಲೆ ಕ್ಯಾಪ್ಟನ್ ಇಂಥವರು, ಪಾದ್ರಿ ಇಂಥವರು, ಮದುವೆಯಾಗದ ಮಿಸ್ ಇಂಥವರು. ಎಲ್ಲರಿಗೂ ಹೆಸರಿದೆ, ಹೆಸರಿಗೆ ತಕ್ಕ ಮರ್ಯಾದೆಯೂ ಇದೆ. ಸಾಲಿನ ಕೊನೆಗೆ ಬರುತ್ತದೆ ‘ಮತ್ತು ನೇಟಿವ್ ಸರ್ವೆಂಟ್’. ಅಷ್ಟೇ. ಆ ಮನುಷ್ಯ ಅದೇ ಹಡಗಿನಲ್ಲಿ ಅದೇ ಸಮುದ್ರ ದಾಟಿ ಬಂದಿದ್ದಾನೆ. ಸಾಹೇಬರ ಮಗುವನ್ನು ದಾರಿಯುದ್ದಕ್ಕೂ ಎತ್ತಿಕೊಂಡು ಬಂದಿರಲಿಕ್ಕೂ ಸಾಕು. ಹೆಸರು ಇರಬೇಕಾದ ಜಾಗದಲ್ಲಿ ಒಂದು ಗುಣವಾಚಕ ಕೂತಿದೆ.

ಅಪಘಾತದ ಸುದ್ದಿಯಲ್ಲೂ ಇದೇ ಧಾಟಿ. ರೈಲು ಹಳಿ ತಪ್ಪಿದರೆ, ದೋಣಿ ಮುಳುಗಿದರೆ, ಗೋಡೆ ಕುಸಿದರೆ, ಗಾಯಗೊಂಡ ಯುರೋಪಿಯನ್ನರ ಹೆಸರು, ಹುದ್ದೆ, ಎಲ್ಲಿ ಪೆಟ್ಟಾಯಿತು ಎಂಬ ವಿವರ ಬರುತ್ತದೆ. ಉಳಿದವರು ‘ಇಷ್ಟು ಜನ ನೇಟಿವ್ಸ್’. ಅವರದು ಬರೀ ಲೆಕ್ಕ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲೂ ಕೆಲಸಗಾರರನ್ನು ಯುರೋಪಿಯನ್, ಯುರೇಷಿಯನ್ (ಯುರೋಪಿಯನ್, ಭಾರತೀಯ ಎರಡೂ ರಕ್ತದವರು), ನೇಟಿವ್ ಅಂತಲೇ ವಿಂಗಡಿಸುತ್ತಿದ್ದರು. ಗಣಿಯ ಆಳಕ್ಕೆ ಇಳಿದು ಬಂಡೆ ಒಡೆಯುತ್ತಿದ್ದವರು ಯಾರು ಅಂತ ನಿಮಗೇ ಗೊತ್ತು.

ಈ ಪದ ಬೈಗುಳವಾಗಿರಲಿಲ್ಲ. ನನ್ನನ್ನು ಜಾಸ್ತಿ ಕಾಡುವುದು ಅದೇ. ಬೈಗುಳಗಳು ಬೇರೆ ಇದ್ದವು, ಧಾರಾಳವಾಗಿಯೇ ಇದ್ದವು. ಲಂಡನ್ನಿನ ಟೈಮ್ಸ್ ಪತ್ರಿಕೆಯ ವರದಿಗಾರ ವಿಲಿಯಂ ಹವರ್ಡ್ ರಸೆಲ್ 1858ರಲ್ಲಿ ಇಲ್ಲಿಗೆ ಬಂದ. ತನ್ನ ದೇಶದವರೇ ಇಲ್ಲಿನ ಜನರ ಬಗ್ಗೆ ಆಡುತ್ತಿದ್ದ ಮಾತು ಕೇಳಿ ಅವನಿಗೆ ಅಸಹ್ಯವಾಯಿತು. 1875ರಲ್ಲಿ ರಾಣಿ ವಿಕ್ಟೋರಿಯಾಳ ಮಗ ಎಡ್ವರ್ಡ್ ಭಾರತ ನೋಡಲು ಬಂದಾಗಲೂ ಇದನ್ನೇ ಗಮನಿಸಿದ. ಇಂಗ್ಲಿಷ್ ಅಧಿಕಾರಿಗಳು ಇಲ್ಲಿನವರನ್ನು ಕೀಳಾಗಿ ಕರೆಯುತ್ತಾರೆ, ಮೈಬಣ್ಣ ಕಪ್ಪು, ಧರ್ಮ ಬೇರೆ ಅಂದ ಮಾತ್ರಕ್ಕೆ ಮನುಷ್ಯನನ್ನು ಪ್ರಾಣಿಯ ಹಾಗೆ ನಡೆಸಿಕೊಳ್ಳುವುದು ಸರಿಯಲ್ಲ ಅಂತ ಮನೆಗೆ ಪತ್ರ ಬರೆದ. ಅಂಥ ಮಾತುಗಳ ಪಕ್ಕದಲ್ಲಿ ಇಟ್ಟರೆ ‘ನೇಟಿವ್’ ಸಭ್ಯ ಪದ. ಒಳ್ಳೆಯ ಮನೆತನದವರು, ಓದಿದವರು, ನಮ್ಮ ಪರವಾಗಿ ಮಾತಾಡುತ್ತಿದ್ದ ಬ್ರಿಟಿಷರು ಕೂಡ ಇದನ್ನೇ ಬಳಸಿದರು. ಅದಕ್ಕೇ ಅದು ಅಷ್ಟು ಸಲೀಸಾಗಿ ಎಲ್ಲ ಕಡೆ ಹರಡಿತು. ಬೈದರೆ ತಿರುಗಿ ಬೈಯಬಹುದು. ಸಭ್ಯವಾಗಿ ಕೆಳಗೆ ಕೂರಿಸಿದರೆ ಏನು ಮಾಡುವುದು?

ಅದೇ ಕಾಲದ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಈ ಪದಕ್ಕೆ ಬೇರೆಯದೇ ಬಣ್ಣ. ಅಲ್ಲಿ ‘ನೇಟಿವ್’ ಅಂದರೆ ಹುಟ್ಟೂರಿನದು. ನೇಟಿವ್ ಲ್ಯಾಂಡ್ ಅಂದರೆ ಕಣ್ಣು ತುಂಬಿ ಬರಬೇಕು. ಲಂಡನ್ನಿನ ಅಂಗಡಿಗಳು ‘ನೇಟಿವ್ ಆಯ್ಸ್ಟರ್’ ಅಂತ ಹೆಮ್ಮೆಯಿಂದ ಜಾಹೀರಾತು ಕೊಡುತ್ತಿದ್ದವು. ತಮ್ಮ ಕರಾವಳಿಯ ಚಿಪ್ಪು, ಹೊರಗಿನದ್ದಲ್ಲ ಅಂತ. ಪದ ಹಡಗು ಹತ್ತಿ ಮುಂಬಯಿಯಲ್ಲಿ ಇಳಿಯುವಷ್ಟರಲ್ಲಿ ಅದರ ಮುಖ ಬದಲಾಗಿರುತ್ತಿತ್ತು. ಆಗಿನ ಪತ್ರಿಕೆಗಳಲ್ಲಿ ‘ಆಂಗ್ಲೋ ಇಂಡಿಯನ್’ ಅಂದರೆ ಭಾರತದಲ್ಲಿ ನೆಲೆಸಿದ ಬ್ರಿಟಿಷರು. ಇವತ್ತು ನಾವು ಆ ಹೆಸರಿನಿಂದ ಕರೆಯುವ ಸಮುದಾಯಕ್ಕೆ ಅದು ಸರ್ಕಾರದ ಲೆಕ್ಕದಲ್ಲಿ ಸಿಕ್ಕಿದ್ದು 1911ರಲ್ಲಿ. ಅಂದರೆ ಹೊರಗಿನಿಂದ ಬಂದವರು ‘ಇಂಡಿಯನ್’ ಅನ್ನೋ ಪದವನ್ನು ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದರು. ಇಲ್ಲೇ ಹುಟ್ಟಿದವರಿಗೆ ಉಳಿದದ್ದು ನೇಟಿವ್.

ಆಮೇಲೆ ಅದು ಅಂಟದ ವಸ್ತುವೇ ಇಲ್ಲ. ನೇಟಿವ್ ಟೌನ್, ನೇಟಿವ್ ಡಾಕ್ಟರ್, ನೇಟಿವ್ ಕ್ರಿಶ್ಚಿಯನ್, ನೇಟಿವ್ ಜಂಟಲ್‌ಮನ್. ಸೈನ್ಯದಲ್ಲಿ ನೇಟಿವ್ ಇನ್‌ಫೆಂಟ್ರಿ. ಮೈಸೂರು ಸಂಸ್ಥಾನ ನೇಟಿವ್ ಸ್ಟೇಟ್, ಮಹಾರಾಜರು ನೇಟಿವ್ ಪ್ರಿನ್ಸ್. ಅರಮನೆಯಲ್ಲಿ ಇರಲಿ, ಹಡಗಿನ ತಳದಲ್ಲಿ ಮಲಗಲಿ, ಪದ ಒಂದೇ. ರಾಜನಿಗೂ ಸಾಹೇಬರ ಅಡುಗೆಯವನಿಗೂ ಒಂದೇ ಗುಣವಾಚಕ ಸಾಕಾಗುತ್ತಿತ್ತು ಅಂದರೆ, ಅದು ಆ ಮನುಷ್ಯನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಅವನು ‘ನಮ್ಮವನಲ್ಲ’ ಅನ್ನೋದನ್ನು ಓದುಗನಿಗೆ ತಿಳಿಸುತ್ತಿತ್ತು. ಪತ್ರಿಕೆ ಯಾರಿಗಾಗಿ ಅಚ್ಚಾಗುತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪದ ಇಷ್ಟಕ್ಕೇ ನಿಂತಿದ್ದರೆ ಅದನ್ನು ಬರೀ ಅವಮಾನ ಅಂತ ಹೇಳಿ ಮುಗಿಸಬಹುದಿತ್ತು. ಅದು ಕೋರ್ಟಿನ ಒಳಗೂ ನಡೆದುಹೋಯಿತು. ಆಗ್ರಾದ ಫುಲ್ಲರ್ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಫುಲ್ಲರ್ ಒಬ್ಬ ಇಂಗ್ಲಿಷ್ ವಕೀಲ. ಒಂದು ಭಾನುವಾರ ಮನೆಮಂದಿ ಜೊತೆ ಚರ್ಚಿಗೆ ಹೊರಟ. ಗಾಡಿ ಬಾಗಿಲಿಗೆ ಬಂದಾಗ ಕುದುರೆ ನೋಡಿಕೊಳ್ಳುವ ಸೈಸ ಅಲ್ಲಿರಲಿಲ್ಲ. ಅವನು ಬಂದ ಮೇಲೆ ಫುಲ್ಲರ್ ಕೈಯಿಂದ ಹೊಡೆದ, ಕೂದಲು ಹಿಡಿದು ಎಳೆದ. ಸೈಸ ಕೆಳಗೆ ಬಿದ್ದ. ಫುಲ್ಲರ್ ಗಾಡಿ ಹತ್ತಿ ಪ್ರಾರ್ಥನೆಗೆ ಹೋದ. ಸೈಸ ಎದ್ದು ಪಕ್ಕದ ಕಾಂಪೌಂಡಿಗೆ ಹೋಗಿ ಅಲ್ಲೇ ಪ್ರಾಣ ಬಿಟ್ಟ. ಗುಲ್ಮ ಒಡೆದು ಸತ್ತ, ಅದು ಮೊದಲೇ ಊದಿಕೊಂಡಿತ್ತು ಅಂತ ಡಾಕ್ಟರು ಹೇಳಿದರು. ಮ್ಯಾಜಿಸ್ಟ್ರೇಟ್ ಹಾಕಿದ ದಂಡ 30 ರೂಪಾಯಿ. ಸತ್ತವನ ಹೆಂಡತಿಗೆ ಕೊಡತಕ್ಕದ್ದು ಅಂತ ಆದೇಶ. ಆ ಸೈಸನ ಹೆಸರು ಕತ್ವಾರು.

ಊದಿಕೊಂಡ ಗುಲ್ಮ ಆ ಕಾಲದ ಇಂಥ ಎಷ್ಟೋ ಪ್ರಕರಣಗಳಲ್ಲಿ ಬರುತ್ತದೆ. ಮಲೇರಿಯಾ ಇದ್ದ ಕಡೆ ಗುಲ್ಮ ಊದುವುದು ನಿಜ. ಸಣ್ಣ ಪೆಟ್ಟಿಗೂ ಅದು ಒಡೆಯಬಹುದು, ಅದೂ ನಿಜ. ಆದರೆ ಓದುತ್ತಾ ಹೋದಂತೆ ಒಂದು ವಿಚಿತ್ರ ಭಾವನೆ ಬರುತ್ತದೆ. ಸತ್ತದ್ದು ಸತ್ತವನ ದೇಹದ ತಪ್ಪು ಅನ್ನುವ ಹಾಗೆ. ‘ನೇಟಿವ್’ ದೇಹವೇ ಬೇರೆ, ಅದರ ಗುಲ್ಮವೇ ಬೇರೆ, ಅದಕ್ಕೆ ಹೊಡೆದವರು ಏನು ಮಾಡಲಾದೀತು ಅನ್ನುವ ಹಾಗೆ. ಆಗಿನ ದೇಶೀ ಪತ್ರಿಕೆಗಳು ಇಂಥ ಸಾವುಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವು. ಆ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ.

1876ರಲ್ಲಿ ವೈಸರಾಯ್ ಲಿಟನ್ ಈ ಪ್ರಕರಣವನ್ನು ಕೈಗೆತ್ತಿಕೊಂಡ. ಶಿಕ್ಷೆ ಸಾಲದು, ಇದನ್ನು ಇಷ್ಟು ಹಗುರವಾಗಿ ಬಿಟ್ಟದ್ದು ತಪ್ಪು ಅಂತ ಬರೆದು ಹೈಕೋರ್ಟನ್ನೂ ಆಕ್ಷೇಪಿಸಿದ. ಬ್ರಿಟಿಷರ ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. ಒಬ್ಬ ಸೈಸನಿಗಾಗಿ ವೈಸರಾಯ್ ತಮ್ಮವನನ್ನೇ ಬಿಟ್ಟುಕೊಟ್ಟ ಅಂತ ಅವರಿಗೆ ಉರಿ.

ಅದೇ ಲಿಟನ್ 1878ರ ಮಾರ್ಚ್ 14ರಂದು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದ. ಒಂದೇ ದಿನದ ಸಭೆಯಲ್ಲಿ ಪಾಸಾಯಿತು. ಮ್ಯಾಜಿಸ್ಟ್ರೇಟ್ ಪತ್ರಿಕೆಯವರನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳಬಹುದು, ಠೇವಣಿ ಕೇಳಬಹುದು, ಅದನ್ನು ಮುಟ್ಟುಗೋಲು ಹಾಕಬಹುದು. ಕೋರ್ಟಿಗೆ ಅಪೀಲು ಹೋಗುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಈ ಕಾನೂನು ತಾಗುವುದಿಲ್ಲ, ಬಂಗಾಳಿಯಲ್ಲೋ ಮರಾಠಿಯಲ್ಲೋ ಬರೆದರೆ ತಾಗುತ್ತದೆ. ಅಮೃತ ಬಜಾರ್ ಪತ್ರಿಕೆ ಅಲ್ಲಿಯತನಕ ಬಂಗಾಳಿ, ಇಂಗ್ಲಿಷ್ ಎರಡರಲ್ಲೂ ಬರುತ್ತಿತ್ತು. ಕಾನೂನು ಬಂದದ್ದೇ ತಡ, ಪೂರ್ತಿ ಇಂಗ್ಲಿಷಿಗೆ ತಿರುಗಿತು. ಓದುಗರು ಎಷ್ಟು ಜನ ಕೈಬಿಟ್ಟುಹೋದರೋ. ಆ ಕಾನೂನು ಲಿಟನ್ ನಂತರದ ವೈಸರಾಯ್ ರಿಪನ್ ಕಾಲದಲ್ಲಿ ಹೋಯಿತು.

ಅದೇ 1878ರಲ್ಲಿ ಮದರಾಸಿನಲ್ಲಿ ಇನ್ನೊಂದು ಗಲಾಟೆ. ಟಿ. ಮುತ್ತುಸ್ವಾಮಿ ಅಯ್ಯರ್ ಅವರನ್ನು ಹೈಕೋರ್ಟಿನ ನ್ಯಾಯಾಧೀಶರನ್ನಾಗಿ ಮಾಡಿದರು. ಮದರಾಸು ಹೈಕೋರ್ಟಿನಲ್ಲಿ ಆ ಪೀಠ ಹತ್ತಿದ ಮೊದಲ ಭಾರತೀಯರು ಅವರು. ಹುಡುಗನಾಗಿದ್ದಾಗ ತಿಂಗಳಿಗೆ ಒಂದು ರೂಪಾಯಿ ಸಂಬಳಕ್ಕೆ ಊರಿನ ಲೆಕ್ಕಪತ್ರದ ಕೆಲಸ ಮಾಡಿ ಮೇಲೆ ಬಂದವರು. ಬ್ರಿಟಿಷರ ಪತ್ರಿಕೆಗಳಿಗೆ ಇದು ಹಿಡಿಸಲಿಲ್ಲ. ಅವರ ತಲೆಯಲ್ಲಿ ‘ಜಡ್ಜ್’ ಅನ್ನುವ ಪದದ ಮುಂದೆ ‘ನೇಟಿವ್’ ಸೇರಿದರೆ ಜಡ್ಜ್ ಅರ್ಧಕ್ಕಿಳಿದ ಹಾಗೆ. ಇದಕ್ಕೆ ಉತ್ತರ ಕೊಡಬೇಕು ಅಂತ ಆರು ಮಂದಿ ಯುವಕರು ಸೇರಿದರು. ಜಿ. ಸುಬ್ರಮಣ್ಯ ಅಯ್ಯರ್, ಎಂ. ವೀರರಾಘವಾಚಾರಿಯರ್ ಅವರಲ್ಲಿ ಮುಖ್ಯರು. ಒಂದೂ ಮುಕ್ಕಾಲು ರೂಪಾಯಿ ಸಾಲ ಮಾಡಿ, 80 ಪ್ರತಿ ಅಚ್ಚು ಹಾಕಿಸಿ, ಸೆಪ್ಟೆಂಬರ್ 20ರಂದು ಒಂದು ವಾರಪತ್ರಿಕೆ ತಂದರು. ಅದೇ ‘ದಿ ಹಿಂದೂ’. ಪತ್ರಿಕೆ ಇಂಗ್ಲಿಷಿನದ್ದು, ಹೆಸರು ತಮ್ಮದು. ಆ ಹೆಸರಿನಲ್ಲಿ ‘ನೇಟಿವ್’ ಇರಲಿಲ್ಲ.

ಇದನ್ನು ಎತ್ತಿ ಹೇಳುವುದಕ್ಕೆ ಕಾರಣವಿದೆ. ಅದಕ್ಕೂ ಮುಂಚೆ ನಮ್ಮವರೇ ಆ ಪದವನ್ನು ಹೆಮ್ಮೆಯಿಂದ ಹಾಕಿಕೊಳ್ಳುತ್ತಿದ್ದರು. 1852ರಲ್ಲಿ ಗಾಜುಲ ಲಕ್ಷ್ಮೀನರಸು ಚೆಟ್ಟಿ ಮತ್ತು ಗೆಳೆಯರು ಕಟ್ಟಿದ ಸಂಸ್ಥೆ ‘ಮದ್ರಾಸ್ ನೇಟಿವ್ ಅಸೋಸಿಯೇಷನ್’. ಕಂದಾಯ ವಸೂಲಿಗೆ ರೈತರನ್ನು ಹಿಂಸಿಸುವುದನ್ನು ನಿಲ್ಲಿಸಿ ಅಂತ ಪಾರ್ಲಿಮೆಂಟಿನ ತನಕ ದೂರು ಒಯ್ದ ಗಟ್ಟಿ ಜನ ಅವರು. 1864ರಲ್ಲಿ ವಿಶ್ವನಾಥ ನಾರಾಯಣ ಮಂಡಲೀಕರು ಮುಂಬಯಿಯಲ್ಲಿ ಶುರು ಮಾಡಿದ ಪತ್ರಿಕೆಯ ಹೆಸರು ‘ನೇಟಿವ್ ಒಪೀನಿಯನ್’. ಇವರು ಯಾರೂ ಬಗ್ಗಿ ನಡೆಯುವವರಲ್ಲ. ಈ ನೆಲದವರು ಮಾತಾಡುತ್ತಿದ್ದೇವೆ, ಕೇಳಿ ಅನ್ನೋದು ಅವರ ಅರ್ಥ. ಪದವನ್ನು ಹುಟ್ಟೂರಿನ ಅರ್ಥಕ್ಕೆ ಮರಳಿ ಎಳೆಯಲು ನೋಡಿದರು ಅಂತ ನನಗೆ ಅನ್ನಿಸುತ್ತದೆ. ಆದರೆ ಪ್ರತಿದಿನ ಬೆಳಿಗ್ಗೆ ಅಷ್ಟೊಂದು ಪತ್ರಿಕೆಗಳು ಅದನ್ನು ಇನ್ನೊಂದು ಅರ್ಥದಲ್ಲಿ ಅಚ್ಚು ಹಾಕುತ್ತಿರುವಾಗ ಎಷ್ಟು ಎಳೆದಾರು? ಮುಂದಿನ ತಲೆಮಾರು ಪದವನ್ನೇ ಬಿಟ್ಟುಬಿಟ್ಟಿತು. ಕಲ್ಕತ್ತದಲ್ಲಿ 1876ರಲ್ಲಿ ಹುಟ್ಟಿದ್ದು ಇಂಡಿಯನ್ ಅಸೋಸಿಯೇಷನ್. ಮದರಾಸಿನಲ್ಲಿ 1884ರಲ್ಲಿ ಮಹಾಜನ ಸಭಾ. ಮಾರನೇ ವರ್ಷ ಮುಂಬಯಿಯಲ್ಲಿ ಇಂಡಿಯನ್ ನ್ಯಾಷನಲ್ ಕಾಂಗ್ರೆಸ್.

ನಡುವೆ 1883ರ ಇಲ್ಬರ್ಟ್ ಮಸೂದೆ ಬಂದು ಹೋಗಿತ್ತು. ಭಾರತೀಯ ಮ್ಯಾಜಿಸ್ಟ್ರೇಟರು ಜಿಲ್ಲೆಗಳಲ್ಲಿ ಯುರೋಪಿಯನ್ನರ ವಿಚಾರಣೆ ನಡೆಸಬಹುದು ಅಂತ ಅದು ಹೇಳಿತ್ತು. ಆ ವರ್ಷದ ಕಲ್ಕತ್ತದ ಬ್ರಿಟಿಷ್ ಪತ್ರಿಕೆಗಳನ್ನು ಓದಿದವರಿಗೆ ‘ನೇಟಿವ್’ ಅನ್ನೋ ಪದ ಎಷ್ಟು ದ್ವೇಷ ಹೊರಬಲ್ಲದು ಅಂತ ಗೊತ್ತಾಗುತ್ತದೆ. ಸಭ್ಯತೆ ಎಲ್ಲ ಕಳಚಿಬಿತ್ತು. ಮಸೂದೆಯನ್ನು ಕೊನೆಗೆ ನೀರು ಮಾಡಿ ಪಾಸು ಮಾಡಿದರು. ಆದರೆ ಓದಿದ ಭಾರತೀಯರು ಆ ವರ್ಷ ಕಲಿತದ್ದನ್ನು ಮರೆಯಲಿಲ್ಲ. ಸೈನ್ಯದ ಪಡೆಗಳ ಹೆಸರಿನಿಂದ ‘ನೇಟಿವ್’ ಬಿದ್ದುಹೋದದ್ದು 1885ರ ಹೊತ್ತಿಗೆ. ಸಂಸ್ಥಾನಗಳ ಹೆಸರಿನಿಂದ ಹೋಗಲು ಇನ್ನೂ ಮೂರು ದಶಕದ ಮೇಲೆ ಹಿಡಿಯಿತು.

ಇಲ್ಲಿ ಬರೀ ಬ್ರಿಟಿಷರನ್ನು ದೂರಿ ಬಿಟ್ಟರೆ ಅರ್ಧ ಕತೆ ಹೇಳಿದ ಹಾಗೆ. ದಕ್ಷಿಣ ಆಫ್ರಿಕಾದಲ್ಲಿ ಇದೇ ಪದ ಆಫ್ರಿಕನ್ನರ ಮೇಲೆ ಕೂತಿತ್ತು. ಡರ್ಬನ್ ಅಂಚೆ ಕಚೇರಿಯಲ್ಲಿ ಯುರೋಪಿಯನ್ನರಿಗೆ ಒಂದು ಬಾಗಿಲು, ನೇಟಿವ್ ಮತ್ತು ಏಷ್ಯಾದವರಿಗೆ ಇನ್ನೊಂದು. 1895ರ ಸುಮಾರಿಗೆ ಗಾಂಧಿ ಮತ್ತು ಅವರ ನಟಾಲ್ ಇಂಡಿಯನ್ ಕಾಂಗ್ರೆಸ್ ಇದನ್ನು ವಿರೋಧಿಸಿ ಪತ್ರ ಬರೆದರು. ಕೇಳಿದ್ದು ಎಲ್ಲರಿಗೂ ಒಂದೇ ಬಾಗಿಲು ಅಂತಲ್ಲ. ತಮ್ಮನ್ನು ‘ನೇಟಿವ್’ ಜನರ ಜೊತೆ ಸೇರಿಸಬೇಡಿ ಅಂತ. ಸರ್ಕಾರ ಮೂರನೇ ಬಾಗಿಲು ಮಾಡಿಕೊಟ್ಟಿತು. ಗಾಂಧಿಗೆ ಆಗ ಇಪ್ಪತ್ತೈದು ಚಿಲ್ಲರೆ ವಯಸ್ಸು. ಮುಂದೆ ಅವರು ಬಹಳ ದೂರ ಬಂದರು, ಅದು ಬೇರೆ. ಆದರೆ ಆ ಮೂರನೇ ಬಾಗಿಲು ನನಗೆ ತುಂಬಾ ನೋವು ಕೊಡುತ್ತದೆ. ನಮ್ಮ ಊರಿನ ಪತ್ರಿಕೆಗಳಲ್ಲಿ ನಮ್ಮನ್ನು ಕೆಳಗಿಟ್ಟ ಪದವನ್ನೇ ಅಲ್ಲಿ ನಾವು ಇನ್ನೊಬ್ಬರ ಕಡೆ ತಳ್ಳಿದೆವು. ಜಾತಿಯ ಮೆಟ್ಟಿಲು ಹತ್ತಿ ಬೆಳೆದ ನಮಗೆ ಹಾಗೆ ತಳ್ಳುವುದು ಕಷ್ಟವೂ ಆಗಿರಲಿಕ್ಕಿಲ್ಲ.

ಇವತ್ತು ಬೆಂಗಳೂರಿನ ಬಸ್ಸಿನಲ್ಲಿ ಪಕ್ಕದವರು ‘ನಿಮ್ಮ ನೇಟಿವ್ ಯಾವುದು?’ ಅಂತ ಕೇಳುತ್ತಾರೆ. ಹಬ್ಬಕ್ಕೆ ರಜೆ ಹಾಕುವಾಗ ‘ನೇಟಿವ್‌ಗೆ ಹೋಗ್ತಿದೀನಿ ಸಾರ್’ ಅನ್ನುತ್ತೇವೆ. ಅದರಲ್ಲಿ ಊರಿನ ಪ್ರೀತಿ ಬಿಟ್ಟರೆ ಬೇರೇನೂ ಇಲ್ಲ. ಮಂಡಲೀಕರು ಎಳೆಯಲು ನೋಡಿದ ಅರ್ಥ ಯಾರೂ ಎಳೆಯದೆ ತಾನಾಗಿಯೇ ಬಂತು, ಅಲ್ವಾ?

ಆದರೆ ಆ ಪದದ ಹಳೆಯ ಅರ್ಥದಲ್ಲಿ ಕಟ್ಟಿಟ್ಟ ಒಂದು ದೊಡ್ಡ ರಾಶಿ ಇನ್ನೂ ಇದೆ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ. 1860, 70ರ ದಶಕಗಳಿಂದ ಪ್ರಾಂತ್ಯದ ಸರ್ಕಾರಗಳು ಪ್ರತಿ ವಾರ ಒಂದು ಗುಟ್ಟಿನ ವರದಿ ಅಚ್ಚು ಹಾಕಿಸುತ್ತಿದ್ದವು. ಹೆಸರು ‘ರಿಪೋರ್ಟ್ ಆನ್ ನೇಟಿವ್ ನ್ಯೂಸ್‌ಪೇಪರ್ಸ್’. ಸರ್ಕಾರದ ಭಾಷಾಂತರಕಾರರು ಮರಾಠಿ, ಗುಜರಾತಿ, ತಮಿಳು, ತೆಲುಗು, ಕನ್ನಡ, ಉರ್ದು ಪತ್ರಿಕೆಗಳನ್ನೆಲ್ಲ ಓದಿ, ಸರ್ಕಾರದ ಕಿವಿಗೆ ಬೀಳಬೇಕಾದ್ದನ್ನು ಇಂಗ್ಲಿಷಿಗೆ ಇಳಿಸುತ್ತಿದ್ದರು. ಅಧಿಕಾರಿಗಳು ಮಾತ್ರ ಓದಬೇಕು.

ಮುಂಬಯಿ ಪ್ರಾಂತ್ಯದ ವರದಿ ಬಿಚ್ಚಿದರೆ ಮೊದಲು ಒಂದು ಪಟ್ಟಿ. ಪತ್ರಿಕೆಯ ಹೆಸರು, ಅಚ್ಚಾಗುವ ಊರು, ದಿನಪತ್ರಿಕೆಯೋ ವಾರಪತ್ರಿಕೆಯೋ, ಸಂಪಾದಕನ ಹೆಸರು, ಅವನ ಜಾತಿ, ಅವನ ವಯಸ್ಸು, ಎಷ್ಟು ಪ್ರತಿ ಹೋಗುತ್ತವೆ. ಸಂಪಾದಕನ ಜಾತಿ, ವಯಸ್ಸು ಸರ್ಕಾರಕ್ಕೆ ಯಾಕೆ ಬೇಕಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಅದಾದ ಮೇಲೆ ತಲೆಬರಹಗಳು. ರಾಜಕೀಯ ಮತ್ತು ಆಡಳಿತ, ಶಾಸನ, ಶಿಕ್ಷಣ, ರೈಲ್ವೆ, ಮುನಿಸಿಪಾಲಿಟಿ, ನೇಟಿವ್ ಸ್ಟೇಟ್ಸ್. ಒಂದೊಂದರ ಕೆಳಗೆ ಇಂಥ ಪತ್ರಿಕೆ ಇಂಥ ದಿನದ ಸಂಚಿಕೆಯಲ್ಲಿ ಹೀಗೆ ಬರೆಯುತ್ತದೆ ಅಂತ ಸಾರಾಂಶ. ಆ ಪಟ್ಟಿಯಲ್ಲಿ ‘ಕ್ಯಾನರೀಸ್’, ಅಂದರೆ ಕನ್ನಡ, ಅನ್ನುವ ತಲೆಬರಹದಡಿ ನಮ್ಮವರು. ಧಾರವಾಡದ ‘ಕರ್ನಾಟಕ ವೃತ್ತ’ ಅಲ್ಲಿದೆ, ವಿಜಯಪುರದ ‘ಕರ್ನಾಟಕ ವೈಭವ’ ಅಲ್ಲಿದೆ. ಅರಣ್ಯ ಇಲಾಖೆಯವರ ಕಾಟ, ಬರದ ವರ್ಷದಲ್ಲೂ ಬಿಡದ ಕಂದಾಯ, ಮುನಿಸಿಪಾಲಿಟಿ ನೀರು, ಮೂರನೇ ದರ್ಜೆ ರೈಲಿನ ನೂಕುನುಗ್ಗಲು ಇಂಥ ದೂರುಗಳೇ ಆ ಕಾಲದ ದೇಶೀ ಪತ್ರಿಕೆಗಳ ದಿನದ ಊಟ. ಒಂದೊಂದು ಸಾರಾಂಶ ನಾಲ್ಕು ಸಾಲು, ಕೆಲವೊಮ್ಮೆ ಅರ್ಧ ಪುಟ.

ಸಾರಾಂಶ ಮಾಡುವ ಕೈಯಲ್ಲಿ ಎಷ್ಟು ಶಕ್ತಿಯಿತ್ತು ಅಂತ ತಿಲಕರ ಮೊಕದ್ದಮೆಗಳಿಂದ ಗೊತ್ತಾಗುತ್ತದೆ. 1897ರಲ್ಲೂ 1908ರಲ್ಲೂ ಅವರ ಮೇಲೆ ರಾಜದ್ರೋಹದ ಆರೋಪ ಬಂದದ್ದು ‘ಕೇಸರಿ’ಯ ಮರಾಠಿ ಬರಹಗಳಿಗಾಗಿ. ಕೋರ್ಟಿನ ಮುಂದೆ ಇದ್ದದ್ದು ಇಂಗ್ಲಿಷ್ ಅನುವಾದ. 1908ರಲ್ಲಿ ತಿಲಕರು ತಾವೇ ವಾದ ಮಾಡಿದರು, ದಿನಗಟ್ಟಲೆ ಮಾಡಿದರು. ಅನುವಾದದ ಪದಪದವನ್ನೂ ಹಿಡಿದು, ನಾನು ಬರೆದದ್ದು ಇದಲ್ಲ ಅಂತ ತೋರಿಸಿದರು. ಜ್ಯೂರಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು ಏಳಕ್ಕೆ ಎರಡು. ಬರ್ಮಾದ ಮಂಡಾಲೆ ಜೈಲಿನಲ್ಲಿ ಆರು ವರ್ಷ.

ಹೀಗಿದ್ದರೂ ಈ ವರದಿಗಳನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಹೆಸರಿನಲ್ಲಿ ನಾವು ಪ್ರತಿ ವರ್ಷ ಪತ್ರಿಕಾ ದಿನ ಮಾಡುತ್ತೇವೆ, ಹಾರ ಹಾಕುತ್ತೇವೆ. ಅದರ ನಂತರದ ಅರ್ಧ ಶತಮಾನದಲ್ಲಿ ಸಣ್ಣ ಊರುಗಳಿಂದ ಹೊರಟ ಎಷ್ಟೋ ಕನ್ನಡ ಪತ್ರಿಕೆಗಳ ಸಂಚಿಕೆಗಳು ನಮ್ಮ ಹತ್ತಿರ ಇಲ್ಲ. ಗೆದ್ದಲು ತಿಂದವು, ಅಟ್ಟದ ಮೇಲೆ ಪುಡಿಯಾದವು, ರದ್ದಿಗೆ ಹೋದವು. ಅವುಗಳ ಮಾತು ಉಳಿದದ್ದು ಎಲ್ಲಾದರೂ ಇದ್ದರೆ, ಅವುಗಳನ್ನು ಅನುಮಾನದಿಂದ ಓದಿದ ಸರ್ಕಾರದ ಈ ಕಡತದಲ್ಲಿ, ಇಂಗ್ಲಿಷಿನಲ್ಲಿ. ನಮ್ಮ ಅಜ್ಜಂದಿರ ಅಜ್ಜಂದಿರು ತಮ್ಮ ಊರಿನ ಕೆರೆ, ಕಂದಾಯ, ಶಾಲೆ ಬಗ್ಗೆ ಏನು ಹೇಳಿದರು ಅಂತ ತಿಳಿಯಲು ‘ನೇಟಿವ್’ ಅಂತ ಹಣೆಪಟ್ಟಿ ಹಚ್ಚಿದ ಕಟ್ಟನ್ನೇ ಬಿಚ್ಚಬೇಕು.

ಈ ಕೆಲಸ ಆಗಬೇಕು ಅಂತ ನನಗೆ ತುಂಬಾ ಆಸೆ. ಮುಂಬಯಿ, ಮದರಾಸು ಎರಡೂ ಪ್ರಾಂತ್ಯಗಳ ವರದಿಗಳಿಂದ ಕನ್ನಡ ಪತ್ರಿಕೆಗಳ ಭಾಗಗಳನ್ನು ಬೇರೆ ತೆಗೆಯಬೇಕು. ಊರಿನ ಪ್ರಕಾರ, ವರ್ಷದ ಪ್ರಕಾರ ಜೋಡಿಸಬೇಕು. ಸಂಪಾದಕರ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಿಂದ ಬಿಡಿಸಿ ಸರಿಯಾದ ಕನ್ನಡದಲ್ಲಿ ಬರೆಯಬೇಕು. ಧಾರವಾಡ, ಬೆಳಗಾವಿ, ಬಳ್ಳಾರಿ, ಮಂಗಳೂರಿನಲ್ಲಿ ಇಂಥ ಹೆಸರಿನ ಮನೆತನಗಳು ಇನ್ನೂ ಇರಬಹುದು. ಅಟ್ಟದ ಮೇಲೆ ಒಂದೆರಡು ಸಂಚಿಕೆ ಉಳಿದಿದ್ದರೂ ಇರಬಹುದು. ಹಾಗೆ ಒಂದು ಮೂಲ ಸಂಚಿಕೆ ಸಿಕ್ಕರೆ, ಅದನ್ನೂ ವರದಿಯ ನಾಲ್ಕು ಸಾಲನ್ನೂ ಪಕ್ಕಪಕ್ಕ ಇಟ್ಟು ಓದಬಹುದು. ಯಾವುದಾದರೂ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ ಇದನ್ನು ಕೈಗೆತ್ತಿಕೊಂಡರೆ, ಹೆಸರುಗಳನ್ನು ಬಿಡಿಸಿ ಬರೆಯುವ ಕೆಲಸಕ್ಕೆ ನಾನು ಬರುತ್ತೇನೆ.